ಹಿಂಬಾಗಿಲ ಸೀಟಿನ ಉಪದೇಶಿಗಳು

ನಮ್ಮ ಉಪದೇಶಿಗಳು ತೀರಿಕೊಂಡ ದಿನ ಹೊಸನಗರದ ಬಸ್ ನಿಲ್ದಾಣದಿಂದ ಒಂದು ಬಸ್ಸೂ ತಡವಾಗಿ ಹೊರಡಲಿಲ್ಲ. ಅವರು ಮನಸಾರೆ ಮೆಚ್ಚಬಹುದಾಗಿದ್ದ ಗೌರವ ಅದೊಂದೇ. ಹಾರ, ಭಾಷಣ ಮುಂತಾದವನ್ನೆಲ್ಲ ಅವರು ‘ಲಗೇಜು’ ಎನ್ನುತ್ತಿದ್ದರು.

ಮೊದಲಿಗೇ ಒಂದು ವಿವರಣೆ ಕೊಟ್ಟುಬಿಡುವುದು ಕ್ಷೇಮ. ನಮ್ಮ ಕ್ರೈಸ್ತ ಸಭೆಗಳಲ್ಲಿ, ಸಭಾಪಾಲಕರು ಇಲ್ಲದ ಕಡೆ ಆರಾಧನೆ ನಡೆಸಿ, ಎಳೆಯರಿಗೆ ನಂಬಿಕೆಯ ಪಾಠ ಹೇಳಿಕೊಡಲು ನೇಮಕವಾಗುವ ಗೃಹಸ್ಥರಿಗೆ ಉಪದೇಶಿ ಎನ್ನುತ್ತಾರೆ. ನಮ್ಮವರನ್ನು ಯಾರೂ ನೇಮಿಸಿರಲಿಲ್ಲ. ಅವರ ನೇಮಕವಾಗಿದ್ದದ್ದು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಒಂದು ಖಾಸಗಿ ಬಸ್ಸಿಗೆ, ಕಂಡಕ್ಟರ್ ಎಂದು. ಆ ಮೂರು ತಾಲ್ಲೂಕುಗಳಲ್ಲಿ ನಮ್ಮ ಜನ ಹಿಡಿಯಷ್ಟು. ಅಣೆಕಟ್ಟಿನ ಕೆಲಸಕ್ಕೆಂದು ಬಂದು ವಾಪಸು ಹೋಗಲು ಮರೆತವರು, ಆಸ್ಪತ್ರೆಗೆ ನರ್ಸಾಗಿ ಬಂದವರು, ನನ್ನ ಹಾಗೆ ಸರ್ಕಾರ ಎತ್ತಿ ತಂದು ಹಾಕಿದವರು. ಅಯ್ಯನವರು, ಅಂದರೆ ಸಭಾಪಾಲಕರು, ತಿಂಗಳಿಗೊಮ್ಮೆ ಬರುತ್ತಿದ್ದರು. ಇವರು ದಿನಕ್ಕೆ ಎರಡು ಸಲ ಬರುತ್ತಿದ್ದರು. ಪದವಿ ತಾನಾಗಿಯೇ ಇವರ ಹೆಗಲೇರಿತು.

ತೆಳ್ಳನೆಯ ಆಳು. ಬಲಗಿವಿಯ ಮೇಲೆ ಪೆನ್ಸಿಲು. ಭಾನುವಾರ ಬಿಳಿ ಅಂಗಿ ತೊಟ್ಟು ಬಂದಾಗಲೂ ಪೆನ್ಸಿಲು ಅಲ್ಲೇ ಇರುತ್ತಿತ್ತು. ಆರಾಧನೆಗೆ ಬಂದವರು ಎಲ್ಲ ಕಡೆಯ ಭಕ್ತರಂತೆ ಹಿಂದಿನ ಬೆಂಚನ್ನೇ ಹುಡುಕಿದರೆ ಇವರು ಬಾಗಿಲಲ್ಲಿ ನಿಂತು, “ಮುಂದೆ ಹೋಗಿ, ಮುಂದೆ ಖಾಲಿ ಉಂಟು, ಬಾಗ್ಲಲ್ಲಿ ನಿಲ್ಬೇಡಿ” ಎಂದು ಒಳಗೆ ತಳ್ಳುತ್ತಿದ್ದರು. ಪ್ರಾರ್ಥನೆ ಮುಗಿದು ಎಲ್ಲರೂ ಆಮೆನ್ ಎಂದ ಮೇಲೆ, ಬಾಯಿತಪ್ಪಿ, ಮೆಲ್ಲಗೆ, “ರೈಟ್” ಎನ್ನುವ ಅಭ್ಯಾಸ ಅವರಿಗಿತ್ತು. ಹೊಸದಾಗಿ ಬಂದ ಅಯ್ಯನವರೊಬ್ಬರು ಇದಕ್ಕೆ ಆಕ್ಷೇಪಿಸಿದರು. ಮೂರು ತಿಂಗಳ ಬಳಿಕ, ರೈಟ್ ಕೇಳಿಸದೆ ತಮಗೆ ಪೀಠದಿಂದ ಇಳಿಯಲು ಆಗುವುದಿಲ್ಲವೆಂದು ಅವರೇ ಒಪ್ಪಿಕೊಂಡರು.

ನಾನು ಅವರ ಶಿಷ್ಯನಾದದ್ದು ಭಕ್ತಿಯಿಂದಲ್ಲ, ಮದುವೆಯಿಂದ. ಆಗ ನನಗೆ ಇಪ್ಪತ್ತೇಳು ವರ್ಷ, ಸಾಗರದಲ್ಲಿ ಗುಮಾಸ್ತೆ, ವಾಸ ಹೊಸನಗರ. ಹೆಣ್ಣಿನ ತಂದೆ ಒಪ್ಪಿದರು. ಅಯ್ಯನವರು ಒಪ್ಪಲಿಲ್ಲ. ದೃಢೀಕರಣ, ಎಂದರೆ ಹುಟ್ಟಿನಿಂದ ಬಂದ ನಂಬಿಕೆಯನ್ನು ತನ್ನ ಬಾಯಿಂದಲೇ ಸಭೆಯ ಎದುರು ಒಪ್ಪಿಕೊಳ್ಳುವ ವಿಧಿ, ನನಗೆ ಆಗಿರಲಿಲ್ಲ. ಅದಿಲ್ಲದೆ ಮದುವೆ ಮಾಡಿಸುವುದಿಲ್ಲ ಎಂದುಬಿಟ್ಟರು. “ದಿನಾ ಬಸ್ಸಲ್ಲಿ ಹೋಗ್ತೀರಲ್ಲ, ಅವ್ರ ಹತ್ರ ಕಲೀರಿ” ಎಂದು ಕಂಡಕ್ಟರನ್ನು ತೋರಿಸಿದರು.

ಉಪದೇಶಿಗಳ ಪಠ್ಯಕ್ರಮ ರಸ್ತೆಗೆ ಹೊಂದಿಸಿ ಮಾಡಿದ್ದು. ಹಿಂಬಾಗಿಲ ಪಕ್ಕದ ಇಬ್ಬರ ಸೀಟೇ ಶಾಲೆ. ಒಂದು ಅವರಿಗೆ, ಇನ್ನೊಂದು ಶಿಷ್ಯನಿಗೆ. ಒಮ್ಮೆಗೆ ಒಬ್ಬನೇ ಶಿಷ್ಯ. ಯಾಕೆಂದು ಕೇಳಿದರೆ, “ಇಬ್ರಿಗೆ ಹೇಳಿದ್ರೆ ಅದು ಭಾಷಣ ಆಗ್ತದೆ” ಎನ್ನುತ್ತಿದ್ದರು. ಸಾಗರ ಬಿಟ್ಟ ಮೇಲೆ ಆನಂದಪುರ ಬರುವುದರೊಳಗೆ, ನಾವು ಏನೇನು ನಂಬುತ್ತೇವೆಂದು ಒಪ್ಪಿಸುವ ವಿಶ್ವಾಸ ಪ್ರಮಾಣ. ಆನಂದಪುರದಿಂದ ರಿಪ್ಪನ್‌ಪೇಟೆಗೆ ದಶಾಜ್ಞೆ, ಒಂದು ಸ್ಟಾಪಿಗೆ ಒಂದರಂತೆ. ಅಲ್ಲಿಂದ ಹೊಸನಗರದವರೆಗೆ ಕರ್ತನ ಪ್ರಾರ್ಥನೆ ಮತ್ತು ಅದರ ಅರ್ಥ. ತೀರ್ಥಹಳ್ಳಿಯ ತನಕ ಹೋಗುವ ಶಿಷ್ಯರಿಗೆ ಸಂಸ್ಕಾರಗಳ ಪಾಠವೂ ಸಿಗುತ್ತಿತ್ತು. ನಾನು ಹೊಸನಗರದಲ್ಲಿ ಇಳಿಯುವವನಾದ್ದರಿಂದ ಆ ವಿಷಯದಲ್ಲಿ ಇಂದಿಗೂ ನನ್ನ ತಿಳಿವಳಿಕೆ ಕಡಿಮೆ.

ಪಾಠದ ನಡುವೆ ಟಿಕೆಟ್ ಕೊಡಲು ಎದ್ದು ಹೋಗುತ್ತಿದ್ದರು. ಆಗ ನನ್ನನ್ನು ಕಾಯುತ್ತಿದ್ದವರು ಮುಂದಿನ ಸೀಟಿನ ಹೆಗಡೆ ಮಾಷ್ಟ್ರು. ಅಡಕೆ ತೋಟ, ಸಂಧ್ಯಾವಂದನೆ, ಪ್ರೈಮರಿ ಶಾಲೆ ಮೂರನ್ನೂ ತಪ್ಪದೆ ನಡೆಸುತ್ತಿದ್ದ ಅವರು ಆ ಬಸ್ಸಿನಲ್ಲಿ ಹನ್ನೆರಡು ವರ್ಷ ಓಡಾಡಿ, ನಮ್ಮ ವಿಶ್ವಾಸ ಪ್ರಮಾಣವನ್ನು ನಮಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದರು. ಅದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ತಪ್ಪು ಹೇಳುವುದನ್ನು ಮಾತ್ರ ಸಹಿಸುತ್ತಿರಲಿಲ್ಲ. ನಾನು ತಡವರಿಸಿದರೆ ಹಿಂದೆ ತಿರುಗಿ, “ಎಂತ ಮಾರಾಯ, ಮೂರನೇ ದಿವಸ ಸತ್ತವ್ನು ಎದ್ದು ಬಂದದ್ದು ಬಿಟ್ಯಲ್ಲ? ಅದು ಬಿಟ್ರೆ ಮತ್ತೆಂತ ಉಳೀತು ನಿಮ್ಗೆ?” ಎಂದು ಗದರುತ್ತಿದ್ದರು. ಅದಕ್ಕಿಂತ ಸ್ಪಷ್ಟವಾದ ಧರ್ಮಬೋಧೆಯನ್ನು ನಾನು ಯಾವ ಪೀಠದಿಂದಲೂ ಕೇಳಿಲ್ಲ.

ನನ್ನ ಪರೀಕ್ಷೆಯ ಕಥೆಯನ್ನು ನಮ್ಮ ಸಭೆಯಲ್ಲಿ ಇಂದಿಗೂ ಹೇಳುತ್ತಾರೆ, ಆದ್ದರಿಂದ ನಾನೇ ಹೇಳುವುದು ಮೇಲು. ಆ ಮಳೆಗಾಲದಲ್ಲಿ ರಿಪ್ಪನ್‌ಪೇಟೆಗೆ ಮುಂಚೆ ಒಂದು ಮೋರಿ ಕುಸಿದು, ಬಸ್ಸು ಸುತ್ತುದಾರಿಯಲ್ಲಿ ಹೋಗತೊಡಗಿತು. ಒಂದು ಸ್ಟಾಪು ತಪ್ಪಿಹೋಯಿತು. ಸಾಗರದ ಚರ್ಚಿನಲ್ಲಿ ಅಯ್ಯನವರು ದಶಾಜ್ಞೆ ಕೇಳಿದಾಗ ನಾನು ಆರನೆಯದರಿಂದ ನೆಟ್ಟಗೆ ಎಂಟನೆಯದಕ್ಕೆ ಹೋದೆ. ಏಳನೆಯದು, ತಿಳಿಯದವರಿಗಾಗಿ ಹೇಳುತ್ತೇನೆ, ಪರಸ್ತ್ರೀ ಪರಪುರುಷರ ಸಂಗತಿಗೆ ಸಂಬಂಧಿಸಿದ್ದು.

“ಏಳನೆಯದು ಎಲ್ಲಿ?” ಎಂದರು ಅಯ್ಯನವರು.

“ಆ ದಾರಿ ಬಂದ್ ಆಗಿದೆ, ಅಯ್ಯನವರೇ” ಎಂದೆ.

ಎರಡನೆಯ ಬೆಂಚಿನಲ್ಲಿ ಭಾವಿ ಮಾವನವರು ಕೂತಿದ್ದರು. ಅವರ ಮುಖವನ್ನು ವರ್ಣಿಸುವುದಿಲ್ಲ. ಉಪದೇಶಿಗಳು ಎದ್ದು ನಿಂತು, “ತಪ್ಪು ನಂದು. ಲೋಕೋಪಯೋಗಿ ಇಲಾಖೆದೂ ಸ್ವಲ್ಪ ಇದೆ” ಎಂದು ಹೇಳಿ, ಅಲ್ಲೇ, ಆ ಕ್ಷಣದಲ್ಲೇ, ಏಳನೆಯ ಆಜ್ಞೆಯನ್ನು ಸಭೆಯ ಎದುರು ನನಗೆ ಮೂರು ಸಲ ಹೇಳಿಸಿದರು. ದೃಢೀಕರಣವಾಯಿತು, ಮದುವೆಯೂ ಆಯಿತು.

ಮದುವೆಯ ಮಂಟಪದಿಂದ ಇಳಿಯುವಾಗ ಕೈ ಕುಲುಕಿ ಅವರು ಹೇಳಿದ ಮಾತು ಶುಭಾಶಯವಲ್ಲ. “ಗುಮಾಸ್ತ್ರೇ, ನಿಮ್ದು ಮುಗೀಲಿಲ್ಲ. ಕಲ್ತೋರು ಒಬ್ರಿಗೆ ಕಲಿಸ್ಬೇಕು. ಕಲಿಸಿದ್ಮೇಲೇ ಕಲ್ತಂಗೆ.”

ಇದೇ ಅವರ ಒಂದೇ ನಿಯಮ. ದೀಕ್ಷಾಸ್ನಾನ, ದೃಢೀಕರಣ, ಮದುವೆ, ಯಾವುದಾದರೂ ಆಗಿರಲಿ, ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ತನಕ ಶಿಷ್ಯ ಅವರ ಪಾಲಿಗೆ ದಾರಿಯಲ್ಲೇ ಇರುವ ಪ್ರಯಾಣಿಕ. ಹತ್ತಿರ ಹತ್ತಿರ ಎಲ್ಲ ಶಿಷ್ಯರೂ ಒಬ್ಬೊಬ್ಬರನ್ನು ಹಿಡಿದು ಕಲಿಸಿ ಋಣಮುಕ್ತರಾದರು. ತೀರ್ಥಹಳ್ಳಿಯ ಒಬ್ಬ ನರ್ಸಮ್ಮ ಮೂವರನ್ನು ಮುಗಿಸಿದರು. ಬಾಕಿ ಉಳಿದವನು ನಾನು.

ಕಂಡಾಗಲೆಲ್ಲ ಅವರದು ಒಂದೇ ಪ್ರಶ್ನೆ. “ಯಾರಾದ್ರೂ ಹತ್ತಿದ್ರಾ?”

ನನ್ನ ಉತ್ತರಗಳಲ್ಲಿ ವೈವಿಧ್ಯವಿತ್ತು. ಚುನಾವಣೆ ಕೆಲಸ. ಜನಗಣತಿ. ತೀರ್ಥಹಳ್ಳಿಗೆ ವರ್ಗ. ತೀರ್ಥಹಳ್ಳಿಯಿಂದ ವಾಪಸು ವರ್ಗ. ಕೊನೆಯ ಹತ್ತು ವರ್ಷ ಮೊಣಕಾಲು. ಅವರು ಪೂರ್ತಿ ಕೇಳಿಸಿಕೊಂಡು, “ಖಾಲಿ ಗಾಡಿ ಓಡಿಸ್ತಾ ಇದ್ದೀರಿ” ಎಂದು ಹೇಳಿ ಹೋಗುತ್ತಿದ್ದರು. ಸಿಟ್ಟಿಲ್ಲ, ನಗುವಿಲ್ಲ. ಸಿಟ್ಟು ಮಾಡಿದ್ದರೆ ನಾನು ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ನಡುವೆ ಒಮ್ಮೆ ಊರಿನ ಇಬ್ಬರು ಯುವಕರು ನಿಲ್ದಾಣದಲ್ಲಿ ಅವರನ್ನು ತಡೆದು, “ಬಸ್ಸಲ್ಲಿ ಜನ ಸೇರಿಸ್ತಾ ಇದ್ದೀರಂತೆ?” ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಉಪದೇಶಿಗಳು ನನ್ನತ್ತ ಬೆರಳು ತೋರಿಸಿ, “ಹೊಸಬ್ರನ್ನ ಸೇರಿಸೋದಾ? ಮಾರಾಯ್ರೆ, ಇದ್ದೋರಿಗೇ ಕಲಿಸಿ ಮುಗೀಲಿಲ್ಲ. ಇವ್ರನ್ನ ನೋಡಿ” ಎಂದರು. ಯುವಕರು ನನ್ನನ್ನು ನೋಡಿದರು. ಸಮಾಧಾನವಾಗಿ ಹೊರಟುಹೋದರು.

ಇಲ್ಲಿ ನನ್ನ ಮಗನ ವಿಷಯ ಹೇಳಬೇಕು. ಹೊಸನಗರದಲ್ಲೇ ಪೈಪು, ನಲ್ಲಿ, ಮೊಳೆಗಳ ಅಂಗಡಿ ಇಟ್ಟಿದ್ದಾನೆ. ವಯಸ್ಸು ಮೂವತ್ತಮೂರು. ಚಿಕ್ಕಂದಿನಲ್ಲಿ ಭಾನುವಾರ ಶಾಲೆಗೆ ಕಳಿಸಿದ್ದೆವು. ಅಲ್ಲಿಂದ ಒಂದಷ್ಟು ಬಣ್ಣದ ಚಿತ್ರಗಳನ್ನು ತಂದ. ಹತ್ತನೆಯ ತರಗತಿಯಲ್ಲಿ ಗಣಿತದ ಟ್ಯೂಷನ್ನು ಭಾನುವಾರ ಬೆಳಿಗ್ಗೆಯೇ ಬಿತ್ತು. ಗಣಿತ ಪಾಸಾಯಿತು. ಆಮೇಲೆ ಅವನು ಕ್ರಿಸ್‌ಮಸ್ಸಿನ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಕೇಕು ತಿಂದು ಹೋಗುವವನಾದ. ದೃಢೀಕರಣದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಷ್ಟು ವರ್ಷಗಳಲ್ಲಿ ಉಪದೇಶಿಗಳೂ ಒಂದೇ ಒಂದು ಸಲ ಅವನ ಹೆಸರು ತೆಗೆಯಲಿಲ್ಲ. ನಾನು ಅದನ್ನು ಸೌಜನ್ಯವೆಂದು ತಿಳಿದಿದ್ದೆ.

ಕಳೆದ ವರ್ಷ ಉಪದೇಶಿಗಳ ಕಾಲು ಊದಿತು. ಮೂತ್ರಪಿಂಡ ಎಂದರು ಡಾಕ್ಟರು. ಬಸ್ಸಿನಿಂದ ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಆದರೂ ವಾರಕ್ಕೆ ನಾಲ್ಕು ದಿನ ಅದೇ ಸೀಟಿನಲ್ಲಿ ಪ್ರಯಾಣಿಕರಾಗಿ ಕೂತು ಪಾಠ ನಡೆಸುತ್ತಿದ್ದರು. ಈಗ ಅದೂ ನಿಂತಿತು. ಕರೆ ಕಳಿಸಿದರು. ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಮನೆ. ಮಂಚದ ಮೇಲೆ ಒರಗಿದ್ದರು.

“ಮಾಸ್ತಿಕಟ್ಟೆ ಕಾಲೋನಿಯ ಒಂದು ಹುಡುಗಿ ಇದ್ದಾಳೆ, ಕರುಣಾ ಅಂತ. ಇಲ್ಲಿ ಕಾಲೇಜಿಗೆ ಬರ್ತಾಳೆ” ಎಂದರು. “ಅರ್ಧ ದಾರಿಲಿ ಗಾಡಿ ಕೆಟ್ಟು ನಿಂತ್ರೆ ಪ್ಯಾಸೆಂಜರನ್ನ ಬೇರೆ ಗಾಡಿಗೆ ಹತ್ತಿಸ್ಬೇಕಲ್ಲ, ಗುಮಾಸ್ತ್ರೇ.”

“ನನ್ನ ಮೊಣಕಾಲು...”

“ಕೂತ್ಕೊಂಡೇ ಕಲಿಸೋದು.”

ನಾನೂ ನಿವೃತ್ತನಾಗಿದ್ದೆ. ಚುನಾವಣೆ ಬೇರೆಯವರು ನೋಡಿಕೊಳ್ಳುತ್ತಿದ್ದರು. ಒಪ್ಪಿಕೊಂಡೆ.

ಕರುಣಾಳಿಗೆ ಹತ್ತೊಂಬತ್ತು. ಕಾಲೇಜು ಬಿಟ್ಟ ಮೇಲೆ ಮಾಸ್ತಿಕಟ್ಟೆಯ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ನಿಲ್ದಾಣದ ಸಿಮೆಂಟ್ ಬೆಂಚಿನಲ್ಲಿ ಆ ಗಂಟೆಯೇ ನಮ್ಮ ಪಾಠ. ಇಷ್ಟು ಮಂದಬುದ್ಧಿಯ ಹುಡುಗಿಯನ್ನು ನಾನು ಕಂಡಿರಲಿಲ್ಲ. ಯಾವುದು ನನಗೆ ಸರಿಯಾಗಿ ಗೊತ್ತಿಲ್ಲವೋ ಸರಿಯಾಗಿ ಅಲ್ಲೇ ಅವಳಿಗೆ ಸಂಶಯ ಹುಟ್ಟುತ್ತಿತ್ತು. ಹೀಗಾಗಿ ರಾತ್ರಿ ಊಟದ ಮೇಜಿನ ಮೇಲೆ ಪ್ರಶ್ನೋತ್ತರ ಪುಸ್ತಕ ಹರಡಿಕೊಂಡು, ಕನ್ನಡಕ ಒರೆಸಿಕೊಂಡು, ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಓದತೊಡಗಿದೆ. ಮಗ ನೀರು ಕುಡಿಯಲು ಬಂದವನು ಒಮ್ಮೆ ನೋಡಿ, “ಇಲಾಖೆ ಪರೀಕ್ಷೆ ಇನ್ನೂ ಮುಗೀಲಿಲ್ವಾ?” ಎಂದು ಕೇಳಿ ಹೋದ.

ಅವಳು ಅತ್ಯಂತ ಮೊಂಡಾಗಿ ಮರೆಯುತ್ತಿದ್ದದ್ದು ಏಳನೆಯ ಆಜ್ಞೆ. ಮರೆಯುವುದಷ್ಟೇ ಅಲ್ಲ, ಅದರ ಅರ್ಥ ಕೇಳುತ್ತಿದ್ದಳು. ಸುತ್ತ ಶಾಲೆಯ ಮಕ್ಕಳು, ಕಡಲೆಕಾಯಿ ಮಾರುವವಳು, ಎರಡು ತಾಲ್ಲೂಕಿನ ಪ್ರಯಾಣಿಕರು. ಮೂರು ದಿನ ತಪ್ಪಿಸಿಕೊಂಡೆ. ನಾಲ್ಕನೆಯ ದಿನ ಬೇರೆ ದಾರಿಯಿರಲಿಲ್ಲ.

“ನೋಡು, ನಮ್ಮನೆ ಆಂಟಿಗೆ ಮೀನಿನ ವಾಸನೆ ಆಗಲ್ಲ” ಎಂದೆ. “ಆದ್ರೂ ವಾರಕ್ಕೊಂದ್ಸಲ ಬಂಗುಡೆ ತೊಳೆದು ಸಾರು ಮಾಡ್ತಾಳೆ. ಮೂಗಿಗೆ ಸೆರಗು ಕಟ್ಕೊಂಡು. ನಂಗೆ ಇಷ್ಟ ಅಂತ. ಮೂವತ್ತೈದು ವರ್ಷ ಆಯ್ತು. ಅದನ್ನ ಮರೆತು ಬೇರೆ ಕಡೆ ಊಟಕ್ಕೆ ಕೂರಬಾರ್ದು. ಏಳನೇದು ಅಂದ್ರೆ ಅಷ್ಟೇ.”

ಕಡಲೆಕಾಯಿಯವಳು ನನ್ನನ್ನು ಹೊಸ ಗೌರವದಿಂದ ನೋಡಿದಳು. ಕರುಣಾ ಮೊಬೈಲಿನಲ್ಲಿ ಏನನ್ನೋ ಬರೆದುಕೊಂಡಳು. ಆಮೇಲೆ ತಲೆ ಎತ್ತದೆ ಕೇಳಿದಳು: “ಅಂಕಲ್, ಇದನ್ನೆಲ್ಲ ನೀವು ನಂಬ್ತೀರಾ? ಇಲ್ಲಾ ಹೇಳ್ತೀರಾ ಅಷ್ಟೇನಾ?”

ಅಷ್ಟರಲ್ಲಿ ಮಾಸ್ತಿಕಟ್ಟೆ ಬಸ್ಸು ಬಂತು. ಆ ಬಸ್ಸು ಸಮಯಕ್ಕೆ ಮುಂಚೆ ಬಂದದ್ದು ನನ್ನ ಅನುಭವದಲ್ಲಿ ಅದೊಂದೇ ಸಲ. ಆದರೆ ಅವಳು ಮುಂದಿನ ಪಾಠದಲ್ಲೂ ಅದನ್ನೇ ಕೇಳಿದಳು, ಅದರ ಮುಂದಿನದರಲ್ಲೂ. ಕೊನೆಗೆ ನಿಜ ಹೇಳಿದೆ. “ಒಬ್ನೇ ಇದ್ದಾಗ ಅಷ್ಟು ಗಟ್ಟಿ ಇಲ್ಲ. ನಿಂಗೆ ಹೇಳುವಾಗ ನಂಬ್ತೀನಿ.” ಅವಳು ತಲೆಯಾಡಿಸಿದಳು. ಆ ದಿನದಿಂದ ಅವಳ ಬುದ್ಧಿ ಇದ್ದಕ್ಕಿದ್ದಂತೆ ಚುರುಕಾಯಿತು. ಒಂದೇ ವಾರದಲ್ಲಿ ಎಲ್ಲ ಬಾಯಿಗೆ ಬಂತು. ನಾನು ನನ್ನ ಬೋಧನೆಯ ಬಗ್ಗೆ ಸ್ವಲ್ಪ ಹೆಮ್ಮೆಪಟ್ಟುಕೊಂಡೆ.

ತಿಂಗಳ ಮೊದಲ ಭಾನುವಾರ ಅಯ್ಯನವರು ಬಂದಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅವಳನ್ನು ಮುಂದಿಟ್ಟುಕೊಂಡು ಹೋಗಿ, “ಪರೀಕ್ಷೆಗೆ ಸಿದ್ಧವಾಗಿದ್ದಾಳೆ” ಎಂದೆ.

ಅಯ್ಯನವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಇವಳಿಗೆ ಹೋದ ವರ್ಷವೇ ದೃಢೀಕರಣ ಆಯ್ತಲ್ಲ. ಸಾಗರದಲ್ಲಿ. ನೀವು ಬಂದಿರಲಿಲ್ವಾ?”

ಬಂದಿರಲಿಲ್ಲ. ಮೊಣಕಾಲು.

ಕರುಣಾ ನೆಲ ನೋಡುತ್ತ ಹೇಳಿದಳು: “ಸಾರಿ ಅಂಕಲ್. ಕಲ್ತೋರು ಒಬ್ರಿಗೆ ಕಲಿಸ್ಬೇಕಲ್ಲ. ನಂಗೆ ಉಪದೇಶಿ ತಾತ ನಿಮ್ಮನ್ನ ಕೊಟ್ರು.”

ಮೊಣಕಾಲು ನೋವು ಮರೆತು ಓಣಿಯೊಳಗೆ ನಡೆದೆ. ಬೈಗುಳಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಉಪದೇಶಿಗಳು ಇನ್ನಷ್ಟು ಇಳಿದಿದ್ದರು. ಮಾತಿಗೆ ಮುಂಚೆ ಉಸಿರು ಕೂಡಿಸಿಕೊಳ್ಳಬೇಕಿತ್ತು. ನನ್ನ ಮುಖ ನೋಡಿಯೇ, “ಗೊತ್ತಾಯ್ತಾ?” ಎಂದರು.

“ಮೋಸ ಅಲ್ವಾ ಇದು? ಉಪದೇಶಿಗಳು ಮಾಡೋ ಕೆಲ್ಸನಾ?”

“ಮೋಸವೇ. ದೇವ್ರ ಹತ್ರ ಆಗ್ಲೇ ಒಪ್ಪಿಕೊಂಡಿದ್ದೀನಿ. ನಿಮ್ಮ ಮೊಣಕಾಲನ್ನೇ ಇಷ್ಟು ಸಲ ಕ್ಷಮಿಸಿದಾನೆ, ನಂದು ದೊಡ್ಡದಾ?” ಉಸಿರು ತೆಗೆದುಕೊಂಡರು. “ಹುಡುಗಿ ಹೇಳ್ತು, ಏಳನೇದು ಚೆನ್ನಾಗಿ ಕಲಿಸ್ತೀರಂತೆ. ಬಂಗುಡೆ ಹಾಕಿ.”

ಬೈಗುಳಗಳು ಎಲ್ಲಿಗೋ ಹೋದವು. ಮಂಚದ ಪಕ್ಕ ಕೂತು, “ಹಾಗಾದ್ರೆ ನಂದು ಮುಗೀತಾ?” ಎಂದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಉತ್ತರ ಹೌದು ಎಂದಾಗಲಿ ಎಂದು ನನಗೆ ನಿಜವಾಗಿ ಆಸೆಯಿತ್ತು.

“ಅವಳ್ದು ಮುಗೀತು. ನಿಮ್ದು ಇನ್ನೂ ಇದೆ.” ಕಣ್ಣು ಮುಚ್ಚಿದರು. ನಿದ್ದೆ ಬಂತೆಂದು ನಾನು ಏಳುವಾಗ, ಕಣ್ಣು ತೆರೆಯದೆಯೇ ಕೇಳಿದರು: “ನಿಮ್ಮ ಮಗ ಬೆಳಿಗ್ಗೆ ಎಷ್ಟೊತ್ತಿಗೆ ಅಂಗಡಿ ಬಾಗ್ಲು ತೆಗೀತಾನೆ?”

“ಎಂಟೂವರೆಗೆ” ಎಂದೆ.

ಅವರು ಹನ್ನೊಂದು ದಿನಕ್ಕೆ ಹೋದರು. ಮಣ್ಣು ಮಾಡುವ ಹೊತ್ತಿಗೆ ಮೂರು ತಾಲ್ಲೂಕಿನಿಂದ ಜನ ಬಂದಿದ್ದರು. ಒಬ್ಬೊಬ್ಬರ ಪಕ್ಕದಲ್ಲಿ ಅವರು ಕಲಿಸಿದ ಒಬ್ಬೊಬ್ಬರು ನಿಂತಿದ್ದರು. ಇದನ್ನು ಯಾರೂ ಏರ್ಪಡಿಸಿರಲಿಲ್ಲ, ಹಾಗೇ ನಿಂತದ್ದು. ನನ್ನ ಪಕ್ಕದಲ್ಲಿ ಕರುಣಾ ಇದ್ದಳು. ನಾನು ಅವಳ ಪಕ್ಕದಲ್ಲಿದ್ದೆ ಎನ್ನುವುದು ಹೆಚ್ಚು ಸರಿ. ಮಗ ದೂರದಲ್ಲಿ, ಗೇಟಿನ ಹತ್ತಿರ, ಬೈಕಿಗೆ ಒರಗಿ ನಿಂತಿದ್ದ.

ಮರುದಿನ ಎಂಟೂವರೆಗೆ ಅಂಗಡಿಗೆ ಹೋದೆ. ಅವನು ಶಟರ್ ಎತ್ತುತ್ತಿದ್ದ.

“ಒಂದು ವಿಷ್ಯ ಮಾತಾಡ್ಬೇಕಿತ್ತು.”

“ಅಮ್ಮಂಗೆ ಏನಾದ್ರೂ ಆಯ್ತಾ?”

“ಇಲ್ಲ.”

“ಮತ್ತೆ? ಮನೆ ರಿಪೇರಿದಾ?”

“ಅಲ್ಲ. ದೇವ್ರ ವಿಷ್ಯ.”

ಅವನು ಶಟರನ್ನು ಅರ್ಧದಲ್ಲೇ ಬಿಟ್ಟು ನನ್ನ ಹಣೆ ಮುಟ್ಟಿ ನೋಡುವವನಂತೆ ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ ಏನೋ ನೆನಪಾದವನಂತೆ ನಿಂತ.

“ಅಪ್ಪಾ, ಅಜ್ಜಿ ತೀರ್ಕೊಂಡಾಗ ನಾನು ನಿಮ್ಮನ್ನ ಕೇಳಿದ್ದೆ. ಅಜ್ಜಿ ಈಗ ಎಲ್ಲಿರ್ತಾರೆ ಅಂತ. ಹತ್ತನೇ ಕ್ಲಾಸಲ್ಲಿದ್ದೆ. ನೀವು ಪೇಪರ್ ಓದ್ತಾ ಇದ್ರಿ. ‘ಅಯ್ಯನವ್ರನ್ನ ಕೇಳು’ ಅಂದ್ರಿ.”

ನನಗೆ ನೆನಪಿರಲಿಲ್ಲ. ಆದರೆ ಅದು ನಾನೇ ಹೇಳಿದ ಮಾತು ಎನ್ನುವುದರಲ್ಲಿ ಸಂಶಯವಿರಲಿಲ್ಲ. ಕಡತ ಸಾಗಿಸುವವನ ಮಾತು.

“ಕೇಳಿದ್ಯಾ?” ಎಂದೆ.

“ಇಲ್ಲ. ನಿಮ್ಮನ್ನೇ ಕೇಳಿದ್ದು.”

ಅಷ್ಟರಲ್ಲಿ ಒಬ್ಬ ಪ್ಲಂಬರ್ ಸ್ಕೂಟರಿನಿಂದ ಇಳಿದು, ಅರ್ಧ ಇಂಚಿನ ಎಲ್ಬೋ ಹತ್ತು ಬೇಕು ಎಂದ. ದಿನದ ಮೊದಲ ಗಿರಾಕಿ, ಬೋಣಿ. ಅದನ್ನು ವಾಪಸು ಕಳಿಸುವ ವ್ಯಾಪಾರಿ ಹೊಸನಗರದಲ್ಲಿ ಇನ್ನೂ ಹುಟ್ಟಿಲ್ಲ. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಮಗ ನನ್ನನ್ನೇ ನೋಡುತ್ತ ಪ್ಲಂಬರಿಗೆ, “ಅರ್ಧ ಗಂಟೆ ಬಿಟ್ಟು ಬನ್ನಿ” ಎಂದ. ಒಳಗಿನಿಂದ ಎರಡು ಪೇಂಟಿನ ಡಬ್ಬ ತಂದು ಎದುರುಬದುರು ಮಗುಚಿಟ್ಟ.

ನಾನು ಕೂತೆ. ಅಜ್ಜಿಯಿಂದಲೇ ಶುರುಮಾಡಿದೆ.